ಇತಿಹಾಸ ಮೇಜರ್ ತಗೊಂಡ್ರೆ ಮುಂದೇನು?

ಪವಾಯಿ, ಐರೋಲಿ, ಗೋರೆಗಾಂವ್ ಕಡೆಯಿಂದ ಭಾನುವಾರದ ಮೆಗಾ ಬ್ಲಾಕ್ ದಾಟಿ ಬಂದಿದ್ದೀರಿ, ಥ್ಯಾಂಕ್ಸ್. ಇವತ್ತು ಕೋಡ್ ವಿಷಯ ಬೇಡ. ನಮ್ಮ ಮನೆ ಮಕ್ಕಳು ‘ನಾನು ಇತಿಹಾಸದಲ್ಲಿ ಬಿಎ ಮಾಡ್ತೀನಿ’ ಅಂದಾಗ ಏನು ಹೇಳಬೇಕು ಅನ್ನೋದೇ ಇವತ್ತಿನ ಮಾತು.

ಮುಲುಂಡಿನಲ್ಲಿರೋ ನಮ್ಮಕ್ಕನ ಮನೆಯಲ್ಲಿ ಈಗ ಇದೇ ಗಲಾಟೆ. ಮಗಳದು ಹನ್ನೆರಡನೇ ಸೈನ್ಸ್, ಒಳ್ಳೆ ಮಾರ್ಕ್ಸ್. ಭಾವ ಫೋನ್ ಮಾಡಿ, ‘ನೀನು ಎಂಟೆಕ್ ಮಾಡಿದವನು, ನೀನೇ ಬುದ್ಧಿ ಹೇಳಪ್ಪ’ ಅಂದರು. ಅವರ ಭಯ ಸುಳ್ಳಲ್ಲ. ಮನೆ ಸಾಲ ಇನ್ನೂ ಇದೆ, ಊರಲ್ಲಿ ಜಮೀನಿಲ್ಲ. ನಾವೆಲ್ಲ ಊರು ಬಿಟ್ಟಿದ್ದೇ ಒಂದು ಡಿಗ್ರಿ ನಂಬ್ಕೊಂಡು ತಾನೇ?

ಬುದ್ಧಿ ಹೇಳೋ ಮೊದಲು ಅವಳನ್ನ ಬೊರಿವಲಿಯ ಕನ್ಹೇರಿ ಗುಹೆಗಳಿಗೆ ಕರ್ಕೊಂಡು ಹೋದೆ. ಅಲ್ಲಿನ ಒಂಬತ್ತನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಹೌದು, ಕವಿರಾಜಮಾರ್ಗದ ಕಾಲದ ನಮ್ಮ ನೃಪತುಂಗನೇ! ರಾಜಧಾನಿ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಇಲ್ಲಿ ಕೊಂಕಣದಲ್ಲಿ ಅವನ ಸಾಮಂತರು ಶಿಲಾಹಾರರು. ಬೌದ್ಧ ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ ಅಂತ ದುಡ್ಡು ಇಟ್ಟ ದಾನವೂ ಅಲ್ಲಿ ದಾಖಲಾಗಿದೆ. ಅವಳು ಕೇಳಿದಳು, ‘ಮಾಮಾ, ಹಾಗಾದ್ರೆ ರಾಜ ಇಲ್ಲಿಗೆ ಬಂದಿದ್ನಾ?’

ಈ ಪ್ರಶ್ನೆನೇ ಆ ಡಿಗ್ರಿ, ನೋಡಿ. ಹೆಸರು ಇದೆ ಅಂದ್ರೆ ಅವನ ಆಳ್ವಿಕೆ ಒಪ್ಕೊಂಡಿದ್ರು ಅಂತ ಅಷ್ಟೇ. ಬಂದಿದ್ದ ಅನ್ನೋಕೆ ಬೇರೆ ಸಾಕ್ಷಿ ಬೇಕು. ಸರ್ವರ್ ಬಿದ್ದಾಗ ನಾವು ಲಾಗ್ ನೋಡಿ, ಇದು ಏನು ಹೇಳುತ್ತೆ, ಏನು ಹೇಳಲ್ಲ ಅಂತ ಬೇರೆ ಮಾಡ್ತೀವಲ್ಲ, ಅದೇ ಕೆಲಸ. ಫ್ಯಾಮಿಲಿ ಗ್ರೂಪಿಗೆ ಬರೋ ‘ಹೆಮ್ಮೆಯ ಕನ್ನಡಿಗರೇ, ಶೇರ್ ಮಾಡಿ’ಗಳಿಗೆ ಆ ತಾಳ್ಮೆ ಇರಲ್ಲ.

ಇನ್ನೊಂದು ವಿಷಯ. ನಮ್ಮ ಇತಿಹಾಸದ ಎಷ್ಟೋ ಕಾಗದ ಇರೋದು ಈ ಊರಲ್ಲೇ. 1956ರ ತನಕ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬಯಿ ಆಡಳಿತದಲ್ಲಿದ್ದವು. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲೇ ಸರ್ಕಾರಿ ಪತ್ರಾಗಾರ ಇದೆ. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳ ಬಗ್ಗೆ 1882ರಲ್ಲೇ ಪುಸ್ತಕ ತಂದ ಫ್ಲೀಟ್ ಇಲ್ಲಿನ ಸಿವಿಲ್ ಸರ್ವಿಸ್ ಅಧಿಕಾರಿ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಇತಿಹಾಸ ಕಲಿಸ್ತಿದ್ದ ಸ್ಪೇನಿನ ಪಾದ್ರಿ ಹೆನ್ರಿ ಹೇರಾಸ್ 1926ರಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದರು, 1927ರಲ್ಲಿ ವಿಜಯನಗರದ ಅರವೀಡು ವಂಶದ ಬಗ್ಗೆ ದೊಡ್ಡ ಗ್ರಂಥ ತಂದರು. ತಾಳಿಕೋಟೆ ಯುದ್ಧದ ಜತೆ ವಿಜಯನಗರದ ಕಥೆ ಮುಗೀತು ಅಂತ ನಮಗೆ ಶಾಲೆಯಲ್ಲಿ ಅನ್ನಿಸಿತ್ತು. ಅರವೀಡು ಮನೆತನ ಆಮೇಲೂ ಹತ್ತಾರು ವರ್ಷ ಆಳಿತು.

ಈಗ ದುಡ್ಡಿನ ಮಾತು. ಮೊದಲ ಸಂಬಳ ನಮ್ಮ ಫೀಲ್ಡಿನಷ್ಟು ಬರಲ್ಲ, ಸುಳ್ಳು ಯಾಕೆ? ಕಾಲೇಜಲ್ಲಿ ಪಾಠ ಮಾಡೋಕೆ ಎಂಎ ಮತ್ತು ನೆಟ್, ಇಲ್ಲಾ ಪಿಎಚ್‌ಡಿ ಬೇಕು. ಮ್ಯೂಸಿಯಂ, ಪತ್ರಾಗಾರಗಳಲ್ಲಿ ಹುದ್ದೆ ಕಮ್ಮಿ. ಕಾನೂನು, ಪತ್ರಿಕೋದ್ಯಮದ ಕಡೆ ಹೋಗಬಹುದು. ಯುಪಿಎಸ್‌ಸಿ ಅನ್ನೋದನ್ನ ಪ್ಲಾನ್ ಎ ಮಾಡ್ಕೋಬೇಡಿ. ಹೊಸ ಶಿಕ್ಷಣ ನೀತಿಯ ಪ್ರಕಾರ ಮೇಜರ್ ಜೊತೆ ಮೈನರ್ ಇದೆ. ಧೈರ್ಯ ಸಾಲದಿದ್ರೆ ಅರ್ಥಶಾಸ್ತ್ರ ಮೇಜರ್, ಇತಿಹಾಸ ಮೈನರ್ ಮಾಡಿ; ಆದರೆ ಆ ಜೋಡಿ ನಿಮ್ಮ ಕಾಲೇಜಲ್ಲಿ ಇದೆಯಾ ಅಂತ ಫಾರ್ಮ್ ತುಂಬೋ ಮೊದಲೇ ಕೇಳಿ. ಮೂಲ ದಾಖಲೆ ಓದಿಸ್ತಾರಾ, ಬರೀ ಗೈಡ್ ಉರು ಹೊಡೆಸ್ತಾರಾ ಅಂತಲೂ ಕೇಳಿ. ಎರಡನೇದಾದ್ರೆ ನಾನಾದ್ರೆ ಸೇರಿಸಲ್ಲ.

ಭಾವನಿಗೆ ನಾನು ಹೇಳಿದ್ದಿಷ್ಟು. ಮುಂಬಯಿಯ ಕನ್ನಡದ ಮಕ್ಕಳಿಗೆ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕೂ ಕಿವಿಗೆ ಬಿದ್ದಿರುತ್ತೆ. ಗಡಿ ಜಿಲ್ಲೆಗಳ ಹಳೇ ಕಾಗದ ಓದೋಕೆ ಇದೇ ಬಂಡವಾಳ. ಮೇಲೆ ಮೋಡಿ ಲಿಪಿ ಕಲಿತರೆ ಇನ್ನೂ ಒಳ್ಳೇದು. ತೊಂದರೆ ಏನಂದ್ರೆ, ನಮ್ಮ ಹುಡುಗಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಈ ಹಾಲ್‌ನಲ್ಲಿರೋ ಎಷ್ಟು ಮನೆ ಮಕ್ಕಳಿಗೆ ಬರುತ್ತೆ, ಕೈ ಎತ್ತಿ ನೋಡೋಣ.

ಭಾವ ಇನ್ನೂ ಒಪ್ಪಿಲ್ಲ. ಅವಳು ಮಾತ್ರ ಪ್ರತಿ ಶನಿವಾರ ಬಂದು ಅಕ್ಷರ ಕಲೀತಿದ್ದಾಳೆ, ಈಗ ಒತ್ತಕ್ಷರಕ್ಕೆ ಬಂದಿದ್ದೀವಿ. ಪ್ರಶ್ನೆ ಇದ್ರೆ ಕೇಳಿ.