ರಟ್ಟಿನ ಡಬ್ಬಿ ಇರುವಾಗಲೇ ಬಾಯಿ ಬಿಡಿ!

ಹೊಸ ಫೋನೋ ಹೊಸ ಆ್ಯಪೋ ಮಾರುಕಟ್ಟೆಗೆ ಬಂದಾಗ ಕಂಪನಿಯವರು ಏನು ಹೇಳುತ್ತಾರೆ? ಗ್ರಾಹಕನೇ ದೇವರು, ನಿಮ್ಮ ಅಭಿಪ್ರಾಯ ತಿಳಿಸಿ ಎನ್ನುತ್ತಾರೆ. ಸರಿ, ದೇವರೇ ಆಗೋಣ. ಆದರೆ ಗುಡಿ ಕಟ್ಟುವಾಗ ದೇವರನ್ನು ಯಾರಾದರೂ ಕೇಳಿದರೇ? ಎಲ್ಲ ಮುಗಿದ ಮೇಲೆ ಅಭಿಪ್ರಾಯ ಕೇಳಿದರೆ ಏನು ಬಂತು?

ಈ ಪ್ರಶ್ನೆಯನ್ನು ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರು 1970ರ ದಶಕದ ಆರಂಭದಲ್ಲೇ ಎತ್ತಿದರು. ಕಾರ್ಖಾನೆಗಳಿಗೆ ಕಂಪ್ಯೂಟರ್ ಕಾಲಿಡುತ್ತಿದ್ದ ಕಾಲ ಅದು. ಅವರು ಕಂಪ್ಯೂಟರ್ ಬೇಡ ಎಂದು ಕೂಗಿ ಸುಮ್ಮನಾಗಲಿಲ್ಲ. ಕ್ರಿಸ್ಟನ್ ನೈಗಾರ್ಡ್ ಎಂಬ ಕಂಪ್ಯೂಟರ್ ವಿಜ್ಞಾನಿಯನ್ನು ಜೊತೆಗೆ ಕರೆದುಕೊಂಡು, ಆ ಯಂತ್ರದ ಒಳಹೊರಗನ್ನು ತಾವೇ ಕಲಿತರು. ಫಲವೇನು ಗೊತ್ತೇ? 1975ರಲ್ಲಿ ಕಾರ್ಮಿಕರ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ರಾಷ್ಟ್ರಮಟ್ಟದ ಒಪ್ಪಂದವಾಯಿತು. ತೀರ್ಮಾನ ಜಾರಿಗೆ ಬರುವ ಮೊದಲೇ ಕಾರ್ಮಿಕರಿಗೆ ವಿಷಯ ತಿಳಿಸಬೇಕು, ಅದೂ ತಜ್ಞರಲ್ಲದವರಿಗೆ ಅರ್ಥವಾಗುವ ಭಾಷೆಯಲ್ಲಿ! ಈ ಕೊನೆಯ ಮಾತನ್ನು ನೀವು ಎರಡು ಸಲ ಓದಿಕೊಳ್ಳಿ.

ಮುಂದೆ 1981ರಲ್ಲಿ ಸ್ವೀಡನ್, ಡೆನ್ಮಾರ್ಕ್ ಸಂಶೋಧಕರು ಮುದ್ರಣ ಕಾರ್ಮಿಕರ ಸಂಘದೊಡನೆ 'ಯುಟೋಪಿಯಾ' ಎಂಬ ಯೋಜನೆ ಆರಂಭಿಸಿದರು. ಪತ್ರಿಕೆಯ ಪುಟ ಕಟ್ಟುವ ಕೆಲಸಕ್ಕೆ ಎಂಥ ಕಂಪ್ಯೂಟರ್ ಬೇಕು? ಅದನ್ನು ಪುಟ ಕಟ್ಟುವವರೇ ಹೇಳಬೇಕು. ಯಂತ್ರ ಇನ್ನೂ ಇರಲಿಲ್ಲ. ಹಾಗಾಗಿ ರಟ್ಟು, ಮರದ ತುಂಡು ಜೋಡಿಸಿದರು. ಒಂದು ರಟ್ಟಿನ ಡಬ್ಬಿಯ ಮೇಲೆ ಲೇಸರ್ ಪ್ರಿಂಟರ್ ಎಂದು ಬರೆದಿಟ್ಟು, ಅದರ ಮುಂದೆ ಕೆಲಸ ಮಾಡಿ ನೋಡಿದರು. ರಟ್ಟಿಗೆ ಹೆದರುವವರು ಯಾರು? ಇದು ಹೀಗಿರಲಿ, ಅದು ಅಲ್ಲಿರಲಿ ಎಂದು ಕಾರ್ಮಿಕರು ಧೈರ್ಯವಾಗಿ ಹೇಳಬಹುದಾಗಿತ್ತು. ತಪ್ಪಿದ್ದರೆ ಕತ್ತರಿಸಿ ಬಿಸಾಡಿದರಾಯಿತು. ಕೋಟಿ ಸುರಿದು ಯಂತ್ರ ಎರಕ ಹೊಯ್ದ ಮೇಲೆ ಹಾಗೆ ಕತ್ತರಿಸಲು ಬರುತ್ತದೆಯೇ?

ಈಗ ಕಂಪನಿಗಳೇ ಗ್ರಾಹಕನನ್ನು ಒಳಗೆ ಕರೆಯುತ್ತಿವೆ. ಡೆನ್ಮಾರ್ಕಿನ ಆಟಿಕೆ ಕಂಪನಿ ಲೆಗೊ 1998ರಲ್ಲಿ ಮೈಂಡ್‌ಸ್ಟಾರ್ಮ್ಸ್ ಎಂಬ ರೋಬೋಟ್ ಕಿಟ್ ತಂದಾಗ ಬಳಕೆದಾರರು ಅದರ ತಂತ್ರಾಂಶವನ್ನೇ ಭೇದಿಸಿಬಿಟ್ಟರು. ಕಂಪನಿ ಕೋರ್ಟಿಗೆ ಹೋಗಲಿಲ್ಲ. 2006ರ ಹೊಸ ಕಿಟ್ ರೂಪಿಸುವಾಗ ಅಂಥ ಆಸಕ್ತರನ್ನೇ ಕರೆದು ಕೂರಿಸಿಕೊಂಡಿತು. ಅದರದೇ 'ಲೆಗೊ ಐಡಿಯಾಸ್' ಯೋಜನೆಯಲ್ಲಿ ನಿಮ್ಮ ಮಾದರಿಗೆ 10,000 ಜನರ ಬೆಂಬಲ ಬೇಕು. ಅಷ್ಟಾದರೂ ಕೊನೆಯ ತೀರ್ಪು ಕಂಪನಿಯದೇ. ಗೆದ್ದವರಿಗೆ ನಿವ್ವಳ ಮಾರಾಟದ ಶೇ. 1 ಪಾಲು.

ವ್ಯತ್ಯಾಸ ಕಂಡಿತೇ? ಕಾರ್ಮಿಕರು ಸಂಘಟಿತರಾಗಿ ಹೋದರು, ಹಕ್ಕನ್ನು ಪಡೆದರು. ಗ್ರಾಹಕ ಒಬ್ಬೊಬ್ಬನಾಗಿ ಹೋಗುತ್ತಾನೆ, ಆಹ್ವಾನವನ್ನು ಪಡೆಯುತ್ತಾನೆ. ಆಹ್ವಾನ ಕೊಟ್ಟವರು ನಾಳೆ ಅದನ್ನು ಹಿಂದಕ್ಕೂ ಪಡೆಯಬಹುದು!

ಆದ್ದರಿಂದ ಯಾವ ಕಂಪನಿಯಾದರೂ, ಯಾವ ಇಲಾಖೆಯಾದರೂ ನಿಮ್ಮನ್ನು ಸಲಹೆ ಕೇಳಿದಾಗ ಮೂರು ಪ್ರಶ್ನೆ ಹಾಕಿ. ತೀರ್ಮಾನಕ್ಕೆ ಮೊದಲು ಕೇಳುತ್ತಿದ್ದೀರೋ, ಆಮೇಲೋ? ಬೇಡ ಎಂದರೆ ನಿಲ್ಲಿಸುತ್ತೀರಾ? ನಮ್ಮ ಬುದ್ಧಿಯಿಂದ ಹುಟ್ಟಿದ್ದರಲ್ಲಿ ನಮ್ಮ ಪಾಲೆಷ್ಟು?

ಯಾರೂ ಕರೆಯದಿದ್ದರೆ? ಕಾಯಬೇಡಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯವನ್ನು ಬರೆದು ಬೆಳೆಸಿದವರು ಅದನ್ನು ಓದುವ ಕನ್ನಡಿಗರೇ. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಕನ್ನಡ ಸರಿಯಿಲ್ಲ ಎಂದು ಗೊಣಗುವ ಗೆಳೆಯರೇ, ಪಾತ್ರೆ ಎರಕವಾದ ಮೇಲೆ ಬಡಿದರೆ ಸದ್ದು ಬರುತ್ತದೆ, ಆಕಾರ ಬದಲಾಗುವುದಿಲ್ಲ. ರಟ್ಟಿನ ಡಬ್ಬಿ ಇರುವಾಗಲೇ ಹೋಗಿ ಕೂರಿ. ಒಬ್ಬರೇ ಹೋಗಬೇಡಿ, ಗುಂಪಾಗಿ ಹೋಗಿ!