ರಸೀದಿ ಇಲ್ಲದ ಗಂಟು



ಗೋವಾದ ಕೊರ್ಲಿಮ್ ಕೈಗಾರಿಕಾ ವಸಾಹತಿಗೆ ರೈಲಿನಲ್ಲಿ ಬರುವವರು ಇಳಿಯಬೇಕಾದದ್ದು ಪಕ್ಕದ ಕರ್ಮಲಿ ನಿಲ್ದಾಣದಲ್ಲಿ. ಹತ್ತಿರದಲ್ಲೇ ದೊಡ್ಡ ಕೆರೆ. ಗಾಡಿ ನಿಲ್ಲುವುದು ಬಹಳ ಸ್ವಲ್ಪ ಹೊತ್ತು. ಆ ಗಡಿಬಿಡಿಯಲ್ಲಿ ಮಕ್ಕಳು, ನೀರಿನ ಬಾಟಲಿ, ಅರ್ಧ ತಿಂದ ಚಿಪ್ಸ್ ಪೊಟ್ಟಣ ಎಲ್ಲ ಇಳಿಯುತ್ತವೆ. ಸೀಟಿನ ಕೆಳಗೆ ತಳ್ಳಿದ್ದ ಚೀಲ ಮಾತ್ರ ಮಡಗಾಂವ್ ಕಡೆ ಹೊರಟುಬಿಡುತ್ತದೆ. ಹಾಗೆ ಹೋದ ಗಂಟಿಗೆ ಹೊಣೆ ಯಾರು? ಈ ಪ್ರಶ್ನೆಗೆ ನೂರು ವರ್ಷ ಮೀರಿದ ಇತಿಹಾಸವಿದೆ.

ಗೋವಾಕ್ಕೆ ಮೊದಲು ರೈಲು ಬಂದದ್ದು ಕರ್ಮಲಿಯ ಕಡೆಯಿಂದಲ್ಲ, ನಮ್ಮ ಘಟ್ಟದ ಮೇಲಿಂದ. ಬ್ರಿಟಿಷರೂ ಪೋರ್ಚುಗೀಸರೂ 1878ರಲ್ಲಿ ಮಾಡಿಕೊಂಡ ಒಪ್ಪಂದದ ಫಲವಾಗಿ ಮೊರ್ಮುಗೋವಾ ಬಂದರಿನಿಂದ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ ಮೀಟರ್ ಗೇಜ್ ಹಳಿ ಬಿತ್ತು. 1888ರ ಹೊತ್ತಿಗೆ ಗಾಡಿ ಘಟ್ಟ ಹತ್ತಿತು. ಒಂದೇ ಹಳಿ, ಎರಡು ಸರ್ಕಾರ. ಕೊಲ್ಲೆಮ್‌ನಲ್ಲಿ ಪೋರ್ಚುಗೀಸರ ತಪಾಸಣೆ, ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷ್ ಇಂಡಿಯಾದ ಸುಂಕದ ಕಟ್ಟೆ. ಟ್ರಂಕು, ಹಾಸಿಗೆ ಸುರುಳಿ ಎಲ್ಲವನ್ನೂ ಬಿಚ್ಚಿ ತೋರಿಸಬೇಕು. ಮುಂಬಯಿಯಿಂದ ಬರುವವರಿಗೆ ಪುಣೆಯಲ್ಲಿ ಇನ್ನೊಂದು ಕಾಟ: ಅಲ್ಲಿಗೆ ಬ್ರಾಡ್ ಗೇಜ್ ಮುಗಿದು ಮೀಟರ್ ಗೇಜ್ ಶುರು. ಕೂಲಿಯ ತಲೆಯ ಮೇಲಿನ ಸಾಮಾನಿನ ಮೇಲೆ ಕಣ್ಣಿಟ್ಟು ಜನಸಂದಣಿಯಲ್ಲಿ ಓಡಬೇಕು. ನನ್ನ ಅಂದಾಜಿನಲ್ಲಿ ಸಾಮಾನು ಕಳೆಯುವುದು ಓಡುವ ಗಾಡಿಯಲ್ಲಿ ಕಡಿಮೆ, ಹೀಗೆ ಹತ್ತಿಳಿಯುವ ಕಡೆಯಲ್ಲೇ ಹೆಚ್ಚು.

ಹೊಣೆಯ ಮಾತನ್ನು 1890ರ ರೈಲ್ವೆ ಕಾಯ್ದೆ ಖಡಾಖಂಡಿತವಾಗಿ ಹೇಳಿತು. ರೈಲ್ವೆ ನೌಕರ ಲಗೇಜು ಬುಕ್ ಮಾಡಿಕೊಂಡು ರಸೀದಿ ಕೊಟ್ಟಿದ್ದರೆ ಹೊಣೆ ಕಂಪನಿಯದು. ಇಲ್ಲದಿದ್ದರೆ ನಿಮ್ಮ ಗಂಟು, ನಿಮ್ಮ ಹಣೆಬರಹ. ಜನ ತಮ್ಮದೇ ದಾರಿ ಕಂಡುಕೊಂಡರು. ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಅದರ ಕೆಳಗೆ ಊರು, ಪೋಸ್ಟು, ತಾಲ್ಲೂಕು. ಅದು ಅಲಂಕಾರವಲ್ಲ, ಕಳೆದುಹೋದ ದಿನಕ್ಕೆಂದು ಬರೆಸಿಟ್ಟ ಅರ್ಜಿ. ಸರಪಳಿ, ಬೀಗ ಆಮೇಲೆ ಬಂದವು.

ಸಿಕ್ಕಿದ ಸಾಮಾನಿನ ಕಥೆಗಳಲ್ಲಿ ದೊಡ್ಡದು ಲಂಡನ್ನಿನದು. 1912ರಲ್ಲಿ ರವೀಂದ್ರನಾಥ ಟ್ಯಾಗೋರರು ‘ಗೀತಾಂಜಲಿ’ಯ ಇಂಗ್ಲಿಷ್ ಹಸ್ತಪ್ರತಿಯೊಂದಿಗೆ ಅಲ್ಲಿಗೆ ಹೋದರು. ಪ್ರತಿಯಿದ್ದ ಕೈಪೆಟ್ಟಿಗೆಯನ್ನು ಮಗ ರಥೀಂದ್ರನಾಥರು ಸುರಂಗ ರೈಲಿನಲ್ಲೇ ಮರೆತು ಇಳಿದರು. ಮರುದಿನ ತಂದೆ ಕೇಳಿದಾಗಲೇ ನೆನಪಾದದ್ದು. ಕಳೆದ ಸಾಮಾನಿನ ಕಚೇರಿಗೆ ಓಡಿದರೆ ಪೆಟ್ಟಿಗೆ ಅಲ್ಲಿ ಭದ್ರವಾಗಿ ಕೂತಿತ್ತು! ಮರುವರ್ಷ ಅದೇ ಪುಸ್ತಕದ ಕವಿಗೆ ನೊಬೆಲ್ ಬಂತು. ಯೌವನದಲ್ಲಿ ನಮ್ಮ ಕಾರವಾರದ ಕಡಲ ದಂಡೆಯಲ್ಲಿ ದಿನ ಕಳೆದಿದ್ದ ಕವಿ ಇವರೇ.

ಇತ್ತ ಗೋವಾ ವಿಮೋಚನೆಯ ಹೋರಾಟ ಬಿಸಿಯೇರಿದ್ದ 1955ರಲ್ಲಿ ಗಡಿ ದಾಟುವ ಗಾಡಿ ನಿಂತಿತು. 1961ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರು ಹೋದರು, ಸುಂಕದ ಕಟ್ಟೆಗೂ ಕೆಲಸವಿಲ್ಲದಾಯಿತು. ಕರ್ಮಲಿಯ ಮೂಲಕ ಕರಾವಳಿಯುದ್ದ ಸಾಗುವ ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆಯಿತು. 2017ರ ಮೇ ತಿಂಗಳಲ್ಲಿ ಮುಂಬಯಿ–ಕರ್ಮಲಿ ತೇಜಸ್ ಎಕ್ಸ್‌ಪ್ರೆಸ್ ರೈಲು ಹೊರಟಿತು. ಮೊದಲ ಓಡಾಟದಲ್ಲೇ ಅದರ ಹೆಡ್‌ಫೋನುಗಳು ಮಾಯವಾದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಈ ಸಲ ಸಾಮಾನು ಕಳೆದುಕೊಂಡದ್ದು ರೈಲ್ವೆ!

ಕಾಯ್ದೆ ಮಾತ್ರ ಹೆಚ್ಚು ಕದಲಿಲ್ಲ. ಈಗಿರುವ 1989ರ ಕಾಯ್ದೆಯ 100ನೇ ಕಲಮೂ ರಸೀದಿಯನ್ನೇ ಕೇಳುತ್ತದೆ. ಕೈಯಲ್ಲಿದ್ದ ಸಾಮಾನು ಹೋದರೆ ರೈಲ್ವೆಯವರ ಅಲಕ್ಷ್ಯವನ್ನೋ ದುರ್ನಡತೆಯನ್ನೋ ಸಾಬೀತು ಮಾಡಬೇಕು. ಸೊಂಟದ ಪಟ್ಟಿಯಲ್ಲಿದ್ದ ಒಂದು ಲಕ್ಷ ರೂಪಾಯಿ ಕಳವಾದ ಪ್ರಯಾಣಿಕರೊಬ್ಬರಿಗೆ ಗ್ರಾಹಕ ವೇದಿಕೆ ಪರಿಹಾರ ಕೊಡಿಸಿತ್ತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಕಠಿಣ ಎನಿಸಿದರೂ, ಸೊಂಟದಲ್ಲಿದ್ದ ದುಡ್ಡನ್ನು ಟಿ.ಟಿ. ಕಾಯಲಾರ ಎಂಬುದೂ ನಿಜವೇ.

ಕಳವು ಬೇರೆ, ಮರೆವು ಬೇರೆ. ಮರೆತದ್ದಾದರೆ ಇವತ್ತು ಸಿಗುವ ಅವಕಾಶ ಹಿಂದೆಂದಿಗಿಂತ ಹೆಚ್ಚು. ಕರ್ಮಲಿ ಪ್ಲಾಟ್‌ಫಾರ್ಮಿನಲ್ಲೇ ನಿಂತು ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಗಾಡಿಯ ನಂಬರು, ಬೋಗಿ, ಬರ್ತ್ ಹೇಳಬೇಕು. ಗಾಡಿ ದಕ್ಷಿಣಕ್ಕೆ ಹೋಗಿದ್ದರೆ ಮಡಗಾಂವ್, ಉತ್ತರಕ್ಕಾದರೆ ತಿವಿಂ ಕಡೆ ಸುದ್ದಿ ಮುಟ್ಟಿಸಬಹುದು. ಸಿಕ್ಕಿದ ಸಾಮಾನನ್ನು ವಾರಸುದಾರರಿಗೆ ತಲುಪಿಸಲು ರೈಲ್ವೆ ರಕ್ಷಣಾ ದಳ ‘ಅಮಾನತ್’ ಎಂಬ ಕಾರ್ಯಾಚರಣೆಯನ್ನೇ ನಡೆಸುತ್ತಿದೆ. ಗುರುತಿನ ಚೀಟಿ ತೋರಿಸಿ, ಸಹಿ ಹಾಕಿ ಚೀಲ ಪಡೆಯಬೇಕು. ಅದಕ್ಕೂ ಮೊದಲು, ಚೀಲ ನಿಮ್ಮದೇ ಎಂದು ಖಾತ್ರಿಯಾಗಲು ಒಳಗೆ ಏನೇನಿದೆ ಎಂದು ಕೇಳಿದರೆ, ನಮ್ಮಲ್ಲಿ ಎಷ್ಟೋ ಗಂಡಸರು ಮೊದಲು ಹೆಂಡತಿಗೆ ಫೋನ್ ಮಾಡಬೇಕಾದೀತು.