ಕೈಗಡಿಯಾರ: ಅಸಲು ಮತ್ತು ನಕಲು

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಮ್ಮ ಸಂಘದಲ್ಲಿ ನಾವು ನಾಲ್ಕೈದು ಮಂದಿಗೆ ಗಡಿಯಾರದ ಹುಚ್ಚು ಹಿಡಿದಿದೆ ಎಂಬುದು ತಮಗೆಲ್ಲ ತಿಳಿದ ಸಂಗತಿ. ರಜೆ ಸಿಕ್ಕಿತೆಂದರೆ ಬರ್ಡಿಯ ಬೀದಿಬದಿಯಲ್ಲಿ, ಇತವಾರಿಯ ಗಲ್ಲಿಗಳಲ್ಲಿ ಸುತ್ತಿ, ಕೆಟ್ಟು ನಿಂತ ಹಳೆಯ ಕೈಗಡಿಯಾರಗಳನ್ನು ಕೊಂಡು ತರುತ್ತೇವೆ. ಬಿಚ್ಚುತ್ತೇವೆ, ತೊಳೆಯುತ್ತೇವೆ, ಮತ್ತೆ ನಡೆಯುವಂತೆ ಮಾಡುತ್ತೇವೆ. ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಈ ಹುಚ್ಚಿನಲ್ಲಿ ನಾಲ್ಕು ಜನಕ್ಕೆ ಉಪಯೋಗವಾಗುವ ಮಾತೇನಾದರೂ ಇದ್ದರೆ ಹೇಳಿರೆಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ಹೇಳಬೇಕಾದ ಕಾರಣವೂ ಈಗ ಒದಗಿದೆ.

ಹೋಟೆಲಿನಲ್ಲಿ ಕೆಲಸಮಾಡುವ ನಮ್ಮ ತರುಣರೊಬ್ಬರು ಊರಿನ ಜಾತ್ರೆಗೆ ಹೊರಡುವ ಮುನ್ನ ಒಂದು ಗಡಿಯಾರ ಕೊಂಡರು. ಅದರ ಡಯಲ್ಲಿನ ಮೇಲೆ ಸ್ವಿಟ್ಜರ್ಲೆಂಡಿನ ಹೆಸರಾಂತ ಕಂಪನಿಯೊಂದರ ಹೆಸರಿತ್ತು. ಅಸಲಿಗಾದರೆ ಲಕ್ಷಗಟ್ಟಲೆ ಬೆಲೆ. ಇವರು ಕೊಟ್ಟದ್ದು ಹದಿನೈದು ದಿನದ ಸಂಬಳ. ಮಾರಿದವನು "ಇದು ಫಸ್ಟ್ ಕಾಪಿ" ಎಂದು ಹೇಳಿಯೇ ಮಾರಿದ್ದನಂತೆ. ಎರಡು ತಿಂಗಳಿಗೆ ಗಡಿಯಾರ ನಿಂತಿತು. ರಿಪೇರಿಯವರು ಹಿಂಬದಿಯ ಮುಚ್ಚಳ ತೆಗೆದು, ಭೂತಗನ್ನಡಿಯಲ್ಲಿ ನೋಡಿ, "ಇದಕ್ಕೆ ಬಿಡಿಭಾಗ ಎಲ್ಲಿಂದ ತರಲಿ?" ಎಂದು ಹಿಂದಕ್ಕೆ ಕೊಟ್ಟರು. ಆಮೇಲೆ ಅದು ನಮ್ಮ ಕೈಗೆ ಬಂತು.

ನಾವು ಬಿಚ್ಚಿ ನೋಡಿದೆವು. ಡಯಲ್ಲಿನ ಮೇಲಿದ್ದ ಮೂರು ಪುಟ್ಟ ವೃತ್ತಗಳು ಬರಿಯ ಚಿತ್ರ. ಅವುಗಳ ಮುಳ್ಳುಗಳನ್ನು ಅಂಟಿಸಿದ್ದರು. ಯಂತ್ರ ಚಿಕ್ಕದು, ಕವಚ ದೊಡ್ಡದು; ನಡುವೆ ಪ್ಲಾಸ್ಟಿಕ್ಕಿನ ಬಳೆ ತುರುಕಿದ್ದರು. ಚಕ್ರಗಳ ತುದಿಯಲ್ಲಿ ಎಣ್ಣೆಯ ಪಸೆಯಿರಲಿಲ್ಲ. ನೀರು ಹೋಗುವುದಿಲ್ಲವೆಂದು ಬೆನ್ನ ಮೇಲೆ ಬರೆದಿತ್ತು. ಆದರೆ ಅಡಿಗೆಮನೆಯ ಹಬೆ ಒಳಹೊಕ್ಕು ಗಾಜಿನ ಕೆಳಗೆ ಹನಿಗಟ್ಟಿತ್ತು. ತೊಳೆದು ಎಣ್ಣೆ ಕೊಟ್ಟೆವು. ಇಪ್ಪತ್ತು ದಿನ ನಡೆಯಿತು. ಆಮೇಲೆ ಒಂದು ಚಕ್ರದ ಮೊನೆ ಮುರಿಯಿತು. ಅಲ್ಲಿಗೆ ಮುಗಿಯಿತು.

"ಅಣ್ಣಾ, ನಕಲಿ ಎಂದು ಗೊತ್ತಿದ್ದೇ ಕೊಂಡೆ. ಇದರಲ್ಲಿ ತಪ್ಪೇನು?" ಎಂದು ಆ ತರುಣರು ಕೇಳಿದರು. ನಾವು ಅವರನ್ನು ಗದರಿಸಲಿಲ್ಲ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದೇ ಇಂದಿನ ಮಾತು.

ಮೊದಲು, ಕಾರ್ಮಿಕನಿಗೂ ಗಡಿಯಾರಕ್ಕೂ ಇರುವ ನಂಟನ್ನು ನೆನೆಯೋಣ. ಜಮ್‌ಶೇಟ್‌ಜಿ ಟಾಟಾ ಅವರ ಎಂಪ್ರೆಸ್ ಗಿರಣಿ ಇದೇ ನಾಗಪುರದಲ್ಲಿ 1877ರಲ್ಲಿ ಶುರುವಾಯಿತು, 2002ರಲ್ಲಿ ಮುಚ್ಚಿತು. ಗಿರಣಿಯ ಕಾಲದಲ್ಲಿ ಭೋಂಗಾ ಕೂಗಿದರೆ ಏಳಬೇಕು, ಕೂಗಿದರೆ ಒಳಗೆ ಹೋಗಬೇಕು. ಹೊತ್ತು ಎಂಬುದು ಮಾಲೀಕನ ಕೈಯಲ್ಲಿತ್ತು. ಇಂಗ್ಲೆಂಡಿನಲ್ಲಿ ಗಿರಣಿಯ ಗಡಿಯಾರವನ್ನು ಹಿಂದೆಮುಂದೆ ತಿರುಗಿಸಿ ಕೂಲಿಗಳಿಂದ ಹೆಚ್ಚು ದುಡಿಸಿಕೊಂಡದ್ದುಂಟು. ಆದ್ದರಿಂದಲೇ 1844ರ ಅಲ್ಲಿಯ ಕಾರ್ಖಾನೆ ಕಾಯಿದೆ, ಕೆಲಸದ ಹೊತ್ತನ್ನು ಸಾರ್ವಜನಿಕ ಗಡಿಯಾರದ ಪ್ರಕಾರ ಲೆಕ್ಕ ಹಿಡಿಯಬೇಕೆಂದು ವಿಧಿಸಿತು. ನಮ್ಮಲ್ಲಿ 1948ರ ಕಾಯಿದೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಆದರೆ 48 ಗಂಟೆ ಆಯಿತೋ ಇಲ್ಲವೋ ಎಂಬುದನ್ನು ನೋಡುವುದು ಹೇಗೆ? ಮಣಿಕಟ್ಟಿನ ಮೇಲೆ ಸ್ವಂತದ ಗಡಿಯಾರವಿದ್ದವನು ಗೋಡೆಯ ಗಡಿಯಾರವನ್ನು ಪ್ರಶ್ನಿಸಬಲ್ಲ. ಗಡಿಯಾರ ದುಡಿಯುವವನ ಆಭರಣವಲ್ಲ, ಅವನ ಸಾಕ್ಷಿ.

ಆದರೆ ಬಹುಕಾಲ ಈ ಸಾಕ್ಷಿ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಫೇವರ್ ಲೂಬಾ ಮೊದಲಾದ ಪರದೇಶದ ಗಡಿಯಾರಗಳು ಉಳ್ಳವರ ಪಾಲು. ಕಳ್ಳಸಾಗಣೆಯ ಮಾಲು ಬೇರೆ. ಅದನ್ನು ಬದಲಿಸಿದ್ದು ನಮ್ಮ ಬೆಂಗಳೂರು. ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, ಅಂದರೆ ಎಚ್.ಎಂ.ಟಿ., ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರ ಮಾಡತೊಡಗಿತು. 1961ರಲ್ಲಿ ಪ್ರಧಾನಿ ನೆಹರೂ ಅವರು ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದರು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಕನ್ನಡ ನಾಡಿನ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ಚಿಮಟ ಹಿಡಿದು ಕೂತು, ಕೂದಲಿಗಿಂತ ತೆಳುವಾದ ಭಾಗಗಳನ್ನು ಜೋಡಿಸಿದರು. ಅವರು ಮಾಡಿದ "ಜನತಾ" ಗಡಿಯಾರ ಹೆಸರಿಗೆ ತಕ್ಕಂತೆ ಜನರ ಕೈಗೆ ಬಂತು. ಕೀ ಕೊಟ್ಟು ನಡೆಸುವ ಯಂತ್ರ, ಹದಿನೇಳು ಕಲ್ಲು, ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು, ದಿನಕ್ಕೆ 4,32,000.

ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನಿಸಬೇಕು. ಜನತಾ ಗಡಿಯಾರದ ಯಂತ್ರವೂ ಒಂದು ಬಗೆಯ ನಕಲೇ. ಅದರ ಮಾದರಿ ಜಪಾನಿನದು. ಆದರೆ ನಾವು ಅದನ್ನು ಕದ್ದು ತರಲಿಲ್ಲ; ಒಪ್ಪಂದ ಮಾಡಿ ಕಲಿತೆವು. ಕಲಿತು ಮಾಡಿದ ಮೇಲೆ ಡಯಲ್ಲಿನ ಮೇಲೆ ನಮ್ಮ ಹೆಸರನ್ನೇ ಬರೆದೆವು; ಕೆಲವದರಲ್ಲಿ ನಾಗರಿ ಅಕ್ಷರಗಳಲ್ಲಿಯೇ ಬರೆದೆವು. ಇವತ್ತು ಚೀನದ ತಿಯಾಂಜಿನ್ ನಗರದ ಸೀಗಲ್ ಕಂಪನಿ ಸ್ವಿಸ್ ಯಂತ್ರದ ಮಾದರಿಯಲ್ಲಿ ಯಂತ್ರ ಮಾಡಿ, ತನ್ನ ಹೆಸರಿನಲ್ಲಿಯೇ ಮಾರುತ್ತದೆ. ಇದರಲ್ಲಿ ನಾಚಿಕೆ ಏನಿದೆ? ದೋಸೆ ಹುಯ್ಯುವುದನ್ನು ನಾವೆಲ್ಲ ಒಬ್ಬ ಭಟ್ಟರನ್ನು ನೋಡಿಯೇ ಕಲಿತವರು. ನೋಡಿ ಕಲಿಯುವುದು ತಪ್ಪಲ್ಲ. ಇನ್ನೊಬ್ಬರ ಹೋಟೆಲಿನ ಬೋರ್ಡು ತಂದು ನಮ್ಮ ಬಾಗಿಲಿಗೆ ತೂಗಹಾಕುವುದು ತಪ್ಪು.

ಫಸ್ಟ್ ಕಾಪಿಯಿಂದ ನಷ್ಟ ಸ್ವಿಸ್ ಶ್ರೀಮಂತರಿಗಲ್ಲವೆ, ನಮಗೇನು ಎಂದು ಯಾರಾದರೂ ಕೇಳಬಹುದು. ಆ ಗಡಿಯಾರವನ್ನೂ ಯಾವುದೋ ಊರಿನ ಒಬ್ಬ ಕಾರ್ಮಿಕನೇ ಜೋಡಿಸಿದ್ದಾನೆ. ಅವನ ಕೆಲಸ ಚೆನ್ನಾಗಿದ್ದರೆ ಹೊಗಳಿಕೆ ಇನ್ನೊಬ್ಬರಿಗೆ ಹೋಗುತ್ತದೆ. ಕೆಟ್ಟರೆ ಕೇಳಲು ವಿಳಾಸವೇ ಇಲ್ಲ. ಕಂಪನಿಯ ಹೆಸರನ್ನು ಕದ್ದದ್ದು ಒಂದು. ಮಾಡಿದವನ ಹೆಸರನ್ನು ಅಳಿಸಿದ್ದು ಇನ್ನೊಂದು. ದುಡಿಯುವವರಾದ ನಮಗೆ ಎರಡನೆಯದೇ ಹೆಚ್ಚು ನೋಯಬೇಕು.

ನಮ್ಮ ಎಚ್.ಎಂ.ಟಿ.ಗೂ ಇದೇ ಗತಿ ಬಂದಿದೆ. ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿಯಲ್ಲಿ ಅದು ಹಿಂದೆ ಬಿತ್ತು. ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಆಮೇಲೆ ಹಳೆಯ ಗಡಿಯಾರಗಳನ್ನು ಹುಡುಕಿ ಕೊಳ್ಳುವವರು ಹೆಚ್ಚಾದರು. ಗಿರಾಕಿ ಹೆಚ್ಚಾದಲ್ಲಿ ಮೋಸವೂ ಹುಟ್ಟುತ್ತದೆ. ಹಳೆಯ ಕವಚ, ಹತ್ತು ಗಡಿಯಾರಗಳಿಂದ ಕಿತ್ತ ಚಕ್ರಗಳು, ಮೇಲೆ ಹೊಸದಾಗಿ ಬಣ್ಣ ಬಳಿದು ಅಚ್ಚು ಹಾಕಿದ ಡಯಲ್ಲು. ಇಷ್ಟನ್ನು ಸೇರಿಸಿ "ಅಪರೂಪದ ಪೈಲಟ್" ಎಂದು ಮಾರುತ್ತಾರೆ. ನಾವೂ ಒಮ್ಮೆ ಹೀಗೆ ಟೋಪಿ ಹಾಕಿಸಿಕೊಂಡಿದ್ದೇವೆ. ಆ ಗಡಿಯಾರ ಇಂದಿಗೂ ನಮ್ಮ ಪೆಟ್ಟಿಗೆಯಲ್ಲಿದೆ. ಹೊಸಬರಿಗೆ ಬಿಚ್ಚುವುದನ್ನು ಕಲಿಸಲು ಬಳಸುತ್ತೇವೆ.

ಆದ್ದರಿಂದ ಕೊಳ್ಳುವವರಿಗೆ ನಾಲ್ಕು ಮಾತು. ಡಯಲ್ಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಂಚು ಕದಡಿದ್ದರೆ, ಸಾಲು ಓರೆಯಾಗಿದ್ದರೆ ಸಂಶಯಪಡಿ. ಕವಚ ಸವೆದು ಡಯಲ್ಲು ಮಾತ್ರ ಮದುವಣಗಿತ್ತಿಯಂತೆ ಹೊಳೆಯುತ್ತಿದ್ದರೆ ಇನ್ನೂ ಸಂಶಯಪಡಿ. ದುಡ್ಡು ಕೊಡುವ ಮುನ್ನ ಹಿಂಬದಿಯ ಮುಚ್ಚಳ ತೆಗೆಸಿ. ಮುಖದ ಮೇಲಿನ ಹೆಸರೂ ಕಲ್ಲುಗಳ ಲೆಕ್ಕವೂ ಒಳಗಿನ ಯಂತ್ರದ ಮೇಲೆ ಬರೆದುದಕ್ಕೆ ಹೊಂದಬೇಕು. ತೆಗೆಯಲು ಒಲ್ಲೆನೆನ್ನುವವನಲ್ಲಿ ಕೊಳ್ಳಬೇಡಿ.

ಇಟ್ಟುಕೊಂಡವರಿಗೆ ಇನ್ನು ನಾಲ್ಕು ಮಾತು. ಕೀ ಕೊಡುವ ಗಡಿಯಾರಕ್ಕೆ ದಿನವೂ ಒಂದೇ ಹೊತ್ತಿನಲ್ಲಿ ಕೀ ಕೊಡಿ, ಬಿಗಿಯಾದೊಡನೆ ನಿಲ್ಲಿಸಿ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ, ಏಕೆಂದರೆ ಒಳಗಿನ ಎಣ್ಣೆ ಒಣಗಿ ಅಂಟಾಗುತ್ತದೆ. ಆಗ ಮೊನೆಗಳು ಸವೆಯುತ್ತವೆ. ಮನೆಯ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಬಿಡಬೇಡಿ. ಅದು ಹರಿದು ಕೂದಲಿನಂಥ ಸುರುಳಿಗೆ ತಗುಲಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಗಡಿಯಾರ ಹುಚ್ಚುಹುಚ್ಚಾಗಿ ಮುಂದಕ್ಕೆ ಓಡುತ್ತದೆ. ಅಯಸ್ಕಾಂತದ ಹತ್ತಿರ, ದೊಡ್ಡ ಸ್ಪೀಕರಿನ ಮೇಲೆ ಇಟ್ಟರೂ ಹೀಗೆಯೇ ಕೆಡಬಹುದು. ಅಡಿಗೆಮನೆಯಲ್ಲಿಯೂ ಪಾತ್ರೆ ತೊಳೆಯುವಲ್ಲಿಯೂ ದುಡಿಯುವವರು ಕೆಲಸಕ್ಕೆ ನಿಲ್ಲುವ ಮುನ್ನ ಗಡಿಯಾರ ಬಿಚ್ಚಿಡುವುದು ಒಳ್ಳೆಯದು.

ಈಗಾಗಲೇ ನಕಲಿ ಕೊಂಡಿದ್ದರೆ ಎಸೆಯಬೇಕಾಗಿಲ್ಲ. ನಡೆಯುವಷ್ಟು ದಿನ ನಡೆಯಲಿ. ನಿಂತ ಮೇಲೆ ನಮ್ಮಲ್ಲಿಗೆ ತನ್ನಿ, ಬಿಚ್ಚಿ ಕಲಿಯೋಣ. ಆದರೆ ಊರಿಗೆ ಒಯ್ದು ಲಾಭಕ್ಕೆ ಮಾರುವ ಆಸೆಗೆ ಮಾತ್ರ ಬೀಳಬೇಡಿ. 1999ರ ಟ್ರೇಡ್ ಮಾರ್ಕ್ ಕಾಯಿದೆಯ ಪ್ರಕಾರ ಸುಳ್ಳು ಹೆಸರಿನ ಮಾಲನ್ನು ಮಾರುವವನಿಗೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಇದೆ. ದೊಡ್ಡ ವ್ಯಾಪಾರಿ ತಪ್ಪಿಸಿಕೊಂಡಾನು. ಚೀಲದಲ್ಲಿ ನಾಲ್ಕು ಗಡಿಯಾರ ಇಟ್ಟುಕೊಂಡ ಹೋಟೆಲಿನ ಹುಡುಗ ಸಿಕ್ಕಿಬಿದ್ದಾನು.

ಕಡೆಯದಾಗಿ ಒಂದು ಸಂಗತಿ. ಗಿರಣಿಯಲ್ಲಿ ದುಡಿದು ಈಗ ಮುಪ್ಪಿನಲ್ಲಿರುವ ನಮ್ಮ ಹಿರಿಯರೊಬ್ಬರು ನಿಂತುಹೋದ ಒಂದು ಜನತಾ ತಂದುಕೊಟ್ಟರು. ಬಿಚ್ಚಿದಾಗ ಕೀಯ ಕಡ್ಡಿಗೆ ಹತ್ತಿಯ ಎಳೆಗಳು ಸುತ್ತಿಕೊಂಡಿದ್ದವು. ನೂಲಿನ ಖಾತೆಯ ಧೂಳು ಇಷ್ಟು ವರ್ಷ ಅಲ್ಲಿಯೇ ಕೂತಿತ್ತು. ತೊಳೆದು, ಎಣ್ಣೆ ಕೊಟ್ಟು ಕೀ ಕೊಟ್ಟೆವು, ಬಡಿಯತೊಡಗಿತು. ಹಿರಿಯರು ಕಿವಿಗೆ ಹಿಡಿದು ಕೇಳಿ, "ನಮ್ಮ ಭೋಂಗಾ ಎರಡು ನಿಮಿಷ ಮೊದಲೇ ಕೂಗುತ್ತಿತ್ತು ಕಣಪ್ಪ. ಇದು ಬಂದ ಮೇಲೆ ನನಗೆ ಗೊತ್ತಾಯಿತು" ಎಂದು ನಕ್ಕರು.

ಆ ತರುಣರೂ ಅಲ್ಲಿಯೇ ಇದ್ದರು. ಮುಂದಿನ ಸಂಬಳಕ್ಕೆ ತನಗೂ ಒಂದು ಜನತಾ ಹುಡುಕಿಕೊಡಿರೆಂದು ಕೇಳಿದ್ದಾರೆ. ಹುಡುಕುತ್ತಿದ್ದೇವೆ. ಮುಚ್ಚಳ ತೆಗೆಸಿಯೇ ಕೊಳ್ಳುತ್ತೇವೆ.